ಹಳೆಯ ನೀರಿನ ಆರೈಕೆ

ಬೆಂಗಳೂರಿನ ಮಾಗಿಯ ಚಳಿಗೆ ಒಂದು ಕಂಬಳಿ, ಮಲೆನಾಡಿನ ಮಳೆಗಾಲದ ಥಂಡಿಗೆ ಬಚ್ಚಲೊಲೆಯ ಮುಂದೊಂದು ಮಣೆ ಸಾಕೆನಿಸುವ ನಮಗೆ, ಇಡೀ ಮನೆಯನ್ನೇ ಆರು ಏಳು ತಿಂಗಳ ಕಾಲ ಕಾಯಿಸಿಕೊಂಡು ಬಾಳಬೇಕಾದ ದೇಶಗಳ ಗೃಹಕೃತ್ಯ ಕೊಂಚ ವಿಚಿತ್ರವೆಂದು ತೋರುವುದು ಸಹಜ. ಬ್ರಿಟನ್ನಿನಲ್ಲಿ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಸಾಮಾನ್ಯ ಸಂಸಾರಗಳು ಕಲ್ಲಿದ್ದಲಿನ ಅಗ್ಗಿಷ್ಟಿಕೆಯನ್ನೇ ನಂಬಿ ಚಳಿಗಾಲ ಕಳೆಯುತ್ತಿದ್ದವು; ಬೆಂಕಿಯ ಶಾಖದ ಬಹುಪಾಲು ಹೊಗೆಯೊಡನೆ ಚಿಮಣಿಯನ್ನೇರಿ ಹೋಗುತ್ತಿದ್ದುದರಿಂದ ಅದರೆದುರು ಕುಳಿತವರ ಮೊಗ ಬೆವರುತ್ತಿದ್ದರೆ ಬೆನ್ನು ನಡುಗುತ್ತಿತ್ತು, ಮಲಗುವ ಕೋಣೆಗಳ ಕಿಟಕಿಗಾಜಿನ ಒಳಮೈಯಲ್ಲೇ ಹಿಮ ಕಟ್ಟುತ್ತಿತ್ತು. 1965ರಲ್ಲಿ ಉತ್ತರ ಸಮುದ್ರದ ತಳದಲ್ಲಿ ನೈಸರ್ಗಿಕ ಅನಿಲ ದೊರೆತು, 1967ರಿಂದ 1977ರವರೆಗೆ ಮನೆಮನೆಯ ಒಲೆಗಳನ್ನು ಆ ಹೊಸ ಇಂಧನಕ್ಕೆ ಹೊಂದಿಸುವ ಮಹಾಕಾರ್ಯ ನಡೆದ ಮೇಲೆ, ಅಗ್ಗಿಷ್ಟಿಕೆಯ ಸ್ಥಾನವನ್ನು ಕೇಂದ್ರ ತಾಪನ ವ್ಯವಸ್ಥೆ, ಎಂದರೆ ಅಲ್ಲಿಯ ಜನ ಸೆಂಟ್ರಲ್ ಹೀಟಿಂಗ್ ಎಂದು ಕರೆಯುವ ಏರ್ಪಾಡು, ಬಲುಬೇಗ ಆಕ್ರಮಿಸಿತು. ಇಂದು ಅದಿಲ್ಲದ ಮನೆ ಅಲ್ಲಿ ಅಪರೂಪ.

ಏರ್ಪಾಡಿನ ತತ್ತ್ವ ಸರಳವಾದುದು. ಅಡುಗೆಮನೆಯ ಗೋಡೆಗೆ ತಗುಲಿಸಿದ ಬಾಯ್ಲರಿನಲ್ಲಿ ಅನಿಲ ಉರಿದು ನೀರನ್ನು ಕಾಯಿಸುತ್ತದೆ. ಪಂಪು ಆ ನೀರನ್ನು ತಾಮ್ರದ ಕೊಳವೆಗಳ ಮೂಲಕ ಕೋಣೆಕೋಣೆಯ ರೇಡಿಯೇಟರುಗಳಿಗೆ ದೂಡುತ್ತದೆ. ಉಕ್ಕಿನ ಹಾಳೆಯಿಂದ ಮಾಡಿದ ಆ ಟೊಳ್ಳು ಫಲಕಗಳಲ್ಲಿ ತನ್ನ ಶಾಖವನ್ನು ಇಳಿಸಿ ತಣಿದ ನೀರು ಮತ್ತೆ ಬಾಯ್ಲರಿಗೆ ಮರಳುತ್ತದೆ. ಈ ವಾಹಕದ ಕೆಲಸಕ್ಕೆ ನೀರನ್ನೇ ಆರಿಸಿದುದಕ್ಕೆ ಕಾರಣವುಂಟು. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಕಿಲೋಜೌಲ್ ಶಾಖ ಬೇಕು. ಗಾಳಿಗಾದರೋ ಅದರ ನಾಲ್ಕನೆಯ ಒಂದು ಪಾಲು ಸಾಕು. ಗಾತ್ರದ ಲೆಕ್ಕದಲ್ಲಿ ನೋಡಿದರೆ ಒಂದು ಲೀಟರ್ ನೀರು ಹೊತ್ತೊಯ್ಯುವ ಶಾಖವನ್ನು ಹೊರಲು ಮೂರು ಸಾವಿರ ಲೀಟರಿಗೂ ಮಿಕ್ಕ ಗಾಳಿ ಬೇಕಾಗುತ್ತದೆ. ಆದಕಾರಣವೇ ಹೆಬ್ಬೆರಳಿನ ದಪ್ಪದ ಕೊಳವೆಯೊಂದು ಇಡೀ ಅಂತಸ್ತನ್ನು ಬೆಚ್ಚಗಿಡಬಲ್ಲುದು.

ಈ ಉಪಾಯ ಹೊಸದೇನಲ್ಲ. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲಸಿದ ಎಂಜಿನಿಯರ್ ಏಂಜಿಯರ್ ಮಾರ್ಚ್ ಪರ್ಕಿನ್ಸ್ ಬಿಸಿನೀರಿನಿಂದ ಕಟ್ಟಡಗಳನ್ನು ಕಾಯಿಸುವ ತನ್ನ ವಿಧಾನಕ್ಕೆ 1831ರಲ್ಲಿ ಪೇಟೆಂಟ್ ಪಡೆದನು. 1850ರ ದಶಕದಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಫ್ರಾಂಟ್ಸ್ ಸಾನ್ ಗಾಲಿ ಎಂಬವನು ಇಂದಿನ ರೇಡಿಯೇಟರಿನ ಪೂರ್ವಜವನ್ನು ನಿರ್ಮಿಸಿದನು. ಪಂಪಿಲ್ಲದ ಹಳೆಯ ವ್ಯವಸ್ಥೆಗಳಲ್ಲಿ ಕಾದ ನೀರು ಹಗುರಾಗಿ ಮೇಲೇರುವ, ತಣಿದ ನೀರು ಭಾರವಾಗಿ ಕೆಳಗಿಳಿಯುವ ಸಹಜಧರ್ಮವೇ ಪರಿಚಲನೆಗೆ ಆಧಾರವಾಗಿತ್ತು. ಆ ಒತ್ತಡ ಅತ್ಯಲ್ಪವಾದುದರಿಂದ ಕೊಳವೆಗಳು ಸಾಮಾನ್ಯವಾಗಿ ದಪ್ಪನಾಗಿರಬೇಕಾಗಿತ್ತು. ವಿದ್ಯುತ್ ಪಂಪು ಬಂದ ಮೇಲೆ ಕೊಳವೆಗಳು ಸಣ್ಣವಾದುವು, ಆದರೆ ಸಣ್ಣ ಕೊಳವೆ ಕೆಸರಿಗೆ ಬೇಗ ಕಟ್ಟಿಕೊಳ್ಳುವುದರಿಂದ ಆರೈಕೆಯ ಹೊಣೆ ಅಷ್ಟೇ ಹೆಚ್ಚಿತು.

ನೀರು ಮತ್ತು ಕಬ್ಬಿಣ

ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಯಿತೆಂಬ ಗಾದೆಯನ್ನು ನಾವು ಸಂತೋಷದಿಂದಲೇ ಆಡುತ್ತೇವೆ. ಹರಿಯುವ ನೀರು ಶುದ್ಧ, ನಿಂತ ನೀರು ಕೊಳಕು ಎಂಬುದು ಕೆರೆ ಬಾವಿಗಳ ನಾಡಿನವರ ದೃಢವಾದ ನಂಬಿಕೆ. ತಾಪನ ವ್ಯವಸ್ಥೆಯೊಳಗೆ ಸುತ್ತುವ ಸುಮಾರು ನೂರು ಲೀಟರ್ ನೀರಿನ ಮಟ್ಟಿಗೆ ಈ ನಂಬಿಕೆ ತಲೆಕೆಳಗಾಗುತ್ತದೆ. ಅಲ್ಲಿ ಹಳೆಯ ನೀರೇ ಒಳ್ಳೆಯ ನೀರು, ಹೊಸ ನೀರೇ ಶತ್ರು. ವರ್ಷವಿಡೀ ಮಾಡಬೇಕಾದ ಆರೈಕೆಯ ಬಹುಭಾಗ ಈ ಒಂದು ಮಾತಿನಿಂದಲೇ ಹೊರಡುತ್ತದೆ.

ನಲ್ಲಿಯಿಂದ ಬಂದ ತಣ್ಣೀರಿನಲ್ಲಿ ಆಮ್ಲಜನಕ ಕರಗಿರುತ್ತದೆ. ಆ ನೀರನ್ನು ಮೊದಲ ಸಲ ತುಂಬಿದಾಗ ಆಮ್ಲಜನಕವು ರೇಡಿಯೇಟರಿನ ಉಕ್ಕಿನೊಡನೆ ಸಂಯೋಗಗೊಂಡು ತುಸು ತುಕ್ಕಾಗುತ್ತದೆ. ಹೊಸ ನೀರು ಒಳಗೆ ಬಾರದಿದ್ದರೆ ಕರಗಿದ್ದ ಆಮ್ಲಜನಕ ಬೇಗನೆ ತೀರಿಹೋಗಿ, ತುಕ್ಕಿನ ಕ್ರಿಯೆ ಬಹುಮಟ್ಟಿಗೆ ನಿಂತುಹೋಗುತ್ತದೆ. ನೀರಿನಲ್ಲಿದ್ದ ಸುಣ್ಣದ ಅಂಶವೂ ಹೀಗೆಯೇ: ಕಾದಾಗ ಬೇರ್ಪಟ್ಟು ಒಂದು ಸಲ ಅಂಟಿಕೊಂಡರೆ ಮುಗಿಯಿತು, ಎರಡನೆಯ ಸಲ ಅಂಟಲು ಅದೇ ನೀರಿನಲ್ಲಿ ಸುಣ್ಣ ಉಳಿದಿರುವುದಿಲ್ಲ. ಹಾಗಲ್ಲದೆ, ಎಲ್ಲೋ ಒಂದು ಕೀಲು ಹನಿಯುತ್ತಿದ್ದು, ಮನೆಯೊಡೆಯನು ವಾರಕ್ಕೊಮ್ಮೆ ಹೊಸ ನೀರನ್ನು ತುಂಬುತ್ತ ಹೋದರೆ, ಪ್ರತಿಸಲವೂ ಆಮ್ಲಜನಕದ ಹೊಸ ಪಾಲೊಂದನ್ನು ಕಬ್ಬಿಣಕ್ಕೆ ಉಣಿಸಿದಂತಾಗುತ್ತದೆ.

ಆಮ್ಲಜನಕ ಕಡಮೆಯಿರುವ ಬಿಸಿನೀರಿನಲ್ಲಿ ಕಬ್ಬಿಣ ಕೆಂಪು ತುಕ್ಕಾಗದೆ ಮ್ಯಾಗ್ನೆಟೈಟ್ ಎಂಬ ಕರಿಯ ಆಕ್ಸೈಡಾಗುತ್ತದೆ. ನಮ್ಮ ಕುದುರೆಮುಖದ ಗಣಿಯಲ್ಲಿ 2005ರ ಕೊನೆಯವರೆಗೆ ಅಗೆದುದು ಇದೇ ಖನಿಜದ ಅದಿರನ್ನು. ಮಸಿಯಂತಹ ಈ ಸೂಕ್ಷ್ಮಚೂರ್ಣ ನೀರಿನಲ್ಲಿ ತೇಲಾಡಿ, ವೇಗ ತಗ್ಗಿದೆಡೆಯಲ್ಲಿ, ಎಂದರೆ ರೇಡಿಯೇಟರಿನ ತಳದಲ್ಲಿ ಕೆಸರಾಗಿ ಕೂರುತ್ತದೆ. ಅದು ಅಯಸ್ಕಾಂತಕ್ಕೆ ಅಂಟುವ ವಸ್ತುವಾದುದರಿಂದಲೇ ಈಚಿನ ವ್ಯವಸ್ಥೆಗಳಲ್ಲಿ ಬಾಯ್ಲರಿಗೆ ಮರಳುವ ಕೊಳವೆಯ ಮೇಲೆ ಅಯಸ್ಕಾಂತದ ಸೋಸುಕವೊಂದನ್ನು ಕೂರಿಸುತ್ತಾರೆ. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿದರೆ ಅಯಸ್ಕಾಂತದ ಸರಳಿಗೆ ಕಾಡಿಗೆ ಮೆತ್ತಿದಂತೆ ಕಪ್ಪು ಲೇಪ ಹತ್ತಿರುವುದನ್ನು ಕಾಣಬಹುದು. ಇದೇ ಕ್ರಿಯೆಯಲ್ಲಿ ಜಲಜನಕವೂ ಬಿಡುಗಡೆಯಾಗುವುದರಿಂದ, ರೇಡಿಯೇಟರಿನ ನೆತ್ತಿಯಲ್ಲಿ ಸೇರಿಕೊಂಡ ಅನಿಲವೆಲ್ಲ ಬರಿಯ ಗಾಳಿಯೆಂದು ಭಾವಿಸಲಾಗದು. ಅದನ್ನು ಹೊರಬಿಡುವಾಗ ಹತ್ತಿರದಲ್ಲಿ ಬೆಂಕಿಯಿರಬಾರದು.

ಶರತ್ಕಾಲದ ಪರೀಕ್ಷೆ

ಎಲೆಯುದುರುವ ಸೆಪ್ಟೆಂಬರ್ ತಿಂಗಳಲ್ಲಿ, ಚಳಿ ಇನ್ನೂ ಬಾಗಿಲು ತಟ್ಟುವ ಮೊದಲೇ, ವ್ಯವಸ್ಥೆಯನ್ನು ಒಂದು ಗಂಟೆ ನಡೆಯಿಸಿ ಪ್ರತಿಯೊಂದು ರೇಡಿಯೇಟರಿನ ಮೇಲೂ ಕೈಯಾಡಿಸಿ ನೋಡುವುದು ಒಳ್ಳೆಯದು. ಏಕೆಂದರೆ ಅದು ಕೆಟ್ಟಿರುವ ಸಂಗತಿ ಡಿಸೆಂಬರಿನ ಮೊದಲ ಹಿಮದ ದಿನ ಗೊತ್ತಾದರೆ, ಆ ದಿನವೇ ಊರಿನ ಅರ್ಧ ಮನೆಗಳಿಗೆ ಮೆಕ್ಯಾನಿಕ್ ಬೇಕಾಗಿರುತ್ತಾನೆ. ಕೈಯ ಸ್ಪರ್ಶವೇ ಇಲ್ಲಿ ರೋಗನಿದಾನದ ಸಾಧನ. ತಳ ಬಿಸಿಯಾಗಿದ್ದು ನೆತ್ತಿ ತಣ್ಣಗಿದ್ದರೆ ಒಳಗೆ ಅನಿಲ ಸೇರಿದೆಯೆಂದೂ, ನೆತ್ತಿ ಬಿಸಿಯಾಗಿದ್ದು ತಳದ ನಡುಭಾಗ ತಣ್ಣಗಿದ್ದರೆ ಕೆಸರು ಕೂತಿದೆಯೆಂದೂ, ಇಡೀ ಫಲಕವೇ ತಣ್ಣಗಿದ್ದರೆ ವಾಲ್ವು ಅಂಟಿಕೊಂಡಿದೆಯೆಂದೂ ಊಹಿಸಬಹುದು.

ಅನಿಲವನ್ನು ಬಿಡಿಸುವ ಕೆಲಸ ಯಾರೂ ಮಾಡಬಹುದಾದುದು. ತಾಪನವನ್ನು ನಿಲ್ಲಿಸಿ, ನೀರು ತಣಿಯಲು ಬಿಟ್ಟು, ರೇಡಿಯೇಟರಿನ ಮೇಲ್ಮೂಲೆಯಲ್ಲಿರುವ ಚೌಕ ತಲೆಯ ಪುಟ್ಟ ತಿರುಪಿಗೆ ಹಿತ್ತಾಳೆಯ ಕೀಲಿಯನ್ನು ಹೊಂದಿಸಿ, ಕೆಳಗೊಂದು ಹಳೆಯ ಬಟ್ಟೆಯನ್ನು ಹಿಡಿದು, ಕಾಲು ಸುತ್ತಿನಷ್ಟು ಮಾತ್ರ ಸಡಿಲಿಸಬೇಕು. ಸುಯ್ಯೆಂಬ ಸಣ್ಣ ಸದ್ದಿನೊಡನೆ ಅನಿಲ ಹೊರಬರುತ್ತದೆ. ಕೆಲವು ಕ್ಷಣಗಳಲ್ಲಿ ಸದ್ದು ತಡವರಿಸಿ, ಉಗುಳಿನಂತೆ ಒಂದೆರಡು ಹನಿ ಚಿಮ್ಮಿ, ಬಳಿಕ ನೀರು ಎಡೆಬಿಡದೆ ಜಿನುಗತೊಡಗುತ್ತದೆ. ಆಗ ತಿರುಪನ್ನು ಮುಚ್ಚಿದರೆ ಕೆಲಸ ಮುಗಿಯಿತು. ಮುಗಿಯಿತೆಂದು ಬಟ್ಟೆಯನ್ನು ಬಿಸುಡುವ ಮೊದಲು ಅದರ ಮೇಲೆ ಬಿದ್ದ ಹನಿಗಳನ್ನು ಒಮ್ಮೆ ನೋಡುವುದು ಜಾಣತನ. ಹನಿ ತಿಳಿಯಾಗಿದ್ದರೆ ಒಳಗೆಲ್ಲ ಕ್ಷೇಮ. ಮಸಿಯಂತೆ ಕಪ್ಪಾಗಿದ್ದರೆ ಉಕ್ಕು ಕರಗುತ್ತಿದೆ. ಕೆಂಪಾಗಿದ್ದರೆ ಎಲ್ಲಿಂದಲೋ ಹೊಸ ಆಮ್ಲಜನಕ ಒಳನುಗ್ಗುತ್ತಿದೆ.

ಅನಿಲ ಹೊರಟ ಮೇಲೆ ಒಳಗಿನ ಒತ್ತಡ ತಗ್ಗುವುದರಿಂದ ಬಾಯ್ಲರಿನ ಮಾಪಕವನ್ನು ನೋಡಬೇಕು. ತಣ್ಣಗಿರುವಾಗ ಮುಳ್ಳು 1ರಿಂದ 1.5 ಬಾರಿನ ನಡುವೆ ಇರತಕ್ಕದ್ದು. ಒಂದು ಬಾರ್ ಒತ್ತಡ ಸುಮಾರು ಹತ್ತು ಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿಹಿಡಿಯಬಲ್ಲುದಾದುದರಿಂದ ಎರಡಂತಸ್ತಿನ ಮನೆಯ ತುತ್ತತುದಿಯ ರೇಡಿಯೇಟರಿಗೂ ನೀರು ಮುಟ್ಟಲು ಅದು ಧಾರಾಳವಾಗಿ ಸಾಲುತ್ತದೆ. ಕಡಮೆಯಿದ್ದರೆ ಬಾಯ್ಲರಿನ ಕೆಳಗಿರುವ ತುಂಬುಕೊಳವೆಯ ನಲ್ಲಿಯನ್ನು ಮೆಲ್ಲಗೆ ತಿರುಗಿಸಿ ಬೇಕಾದಷ್ಟೇ ನೀರು ಬಿಟ್ಟು, ಮತ್ತೆ ಭದ್ರವಾಗಿ ಮುಚ್ಚಬೇಕು.

ಇಷ್ಟು ಮಾಡಿದ ಮೇಲೂ ಮುಳ್ಳು ಪದೇಪದೇ ಇಳಿಯುತ್ತಿದ್ದರೆ, ತುಂಬುವುದನ್ನೇ ರೂಢಿ ಮಾಡಿಕೊಳ್ಳದೆ ಕಾರಣವನ್ನು ಹುಡುಕಬೇಕು. ಸೋರಿಕೆಯೊಂದೇ ಕಾರಣವಲ್ಲ. ನೂರು ಲೀಟರ್ ನೀರು 10 ಡಿಗ್ರಿಯಿಂದ 70 ಡಿಗ್ರಿಗೆ ಕಾದಾಗ ಎರಡು ಲೀಟರಿಗೂ ಮಿಕ್ಕು ಹಿಗ್ಗುತ್ತದೆ. ನೀರು ಒತ್ತಿದರೆ ಕುಗ್ಗುವ ವಸ್ತುವಲ್ಲವಾದುದರಿಂದ ಈ ಹೆಚ್ಚುವರಿಗೆ ಎಡೆ ಮಾಡಿಕೊಡಲು ಒಂದು ವಿಕಾಸಪಾತ್ರೆಯಿರುತ್ತದೆ. ಅದರೊಳಗೆ ರಬ್ಬರಿನ ಪಟಲವೊಂದು ಅಡ್ಡಲಾಗಿದ್ದು, ಒಂದು ಬದಿಗೆ ವ್ಯವಸ್ಥೆಯ ನೀರು, ಇನ್ನೊಂದು ಬದಿಗೆ ಒತ್ತಿ ತುಂಬಿದ ಗಾಳಿ ಇರುತ್ತವೆ. ವರ್ಷಗಳು ಸಂದಂತೆ ಆ ಗಾಳಿ ಸೋರಿಹೋದರೆ ಹಿಗ್ಗಿದ ನೀರಿಗೆ ಎಡೆಯಿಲ್ಲದೆ, ಕಾದಾಗ ಮುಳ್ಳು 3 ಬಾರಿಗೇರಿ, ರಕ್ಷಕ ವಾಲ್ವು ತೆರೆದು ನೀರನ್ನು ಮನೆಯ ಹೊರಗೆ ಸುರಿಸಿಬಿಡುತ್ತದೆ. ತಣಿದಾಗ ಮುಳ್ಳು ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ. ಕಾದರೆ ಏರುವ, ತಣಿದರೆ ಕುಸಿಯುವ ಮುಳ್ಳನ್ನು ಕಂಡು ಪಾತ್ರೆಗೆ ಗಾಳಿ ತುಂಬಿಸುವವನು ಬುದ್ಧಿವಂತ. ನೀರು ತುಂಬುತ್ತ ಕೂರುವವನು ತನ್ನ ರೇಡಿಯೇಟರುಗಳನ್ನು ತಾನೇ ತುಕ್ಕಿಗೆ ಒಪ್ಪಿಸುತ್ತಾನೆ.

ನೀರಿನ ಕಡೆಯ ಕೆಲಸ ಮನೆಯವರದಾದರೆ ಬೆಂಕಿಯ ಕಡೆಯದು ಅವರದಲ್ಲ. ಅನಿಲದ ಉಪಕರಣಗಳನ್ನು ಬಿಚ್ಚುವ ಅಧಿಕಾರ ಬ್ರಿಟನ್ನಿನಲ್ಲಿ ಗ್ಯಾಸ್ ಸೇಫ್ ಪಟ್ಟಿಯಲ್ಲಿ ಹೆಸರು ನೋಂದಾಯಿಸಿದ ತಂತ್ರಜ್ಞರಿಗೆ ಮಾತ್ರ ಉಂಟು. 2009ರಿಂದ ಈ ಪಟ್ಟಿ ಜಾರಿಯಲ್ಲಿದೆ. ಬಾಡಿಗೆಯ ಮನೆಯಾದರೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವುದು ಮಾಲೀಕನ ಮೇಲೆ ಕಾನೂನಿನ ಕಟ್ಟಳೆ. ಇದಕ್ಕೆ ಕಾರಣ ಕಾರ್ಬನ್ ಮೊನಾಕ್ಸೈಡ್. ಗಾಳಿ ಸಾಲದೆ ಅನಿಲ ಅರೆಬರೆ ಉರಿದಾಗ ಹುಟ್ಟುವ ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಇದನ್ನು ಅಪ್ಪಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ತಾನೇ ಈ ಅನಿಲವನ್ನು ಉಸಿರಾಡಿ ಅದರ ಪರಿಣಾಮವನ್ನು ಅಳೆದನು; ಕಲ್ಲಿದ್ದಲ ಗಣಿಗಳಿಗೆ ಕ್ಯಾನರಿ ಹಕ್ಕಿಯನ್ನು ಒಯ್ಯುವ ಪದ್ಧತಿಗೆ ಅವನ ಸಲಹೆಯೇ ಮೂಲ. 1957ರಲ್ಲಿ ಭಾರತಕ್ಕೆ ಬಂದು ನೆಲಸಿ, ಭುವನೇಶ್ವರದಲ್ಲಿ ಕೊನೆಯುಸಿರೆಳೆದ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಅವನ ಮಗ. ಇಂದು ಹಕ್ಕಿಯ ಕೆಲಸವನ್ನು ಗೋಡೆಯ ಮೇಲಿನ ಪುಟ್ಟ ಎಚ್ಚರಿಕೆಯ ಗಂಟೆ ಮಾಡುತ್ತದೆ. ತಿಂಗಳಿಗೊಮ್ಮೆ ಅದರ ಗುಂಡಿಯೊತ್ತಿ ಪರೀಕ್ಷಿಸುವುದನ್ನು ಮರೆಯುವಂತಿಲ್ಲ.

ಚಳಿಗಾಲದ ಮಿತವ್ಯಯ

ನೈಸರ್ಗಿಕ ಅನಿಲದ ಮುಖ್ಯ ಅಂಶವಾದ ಮೀಥೇನ್ ಉರಿದಾಗ ಇಂಗಾಲದ ಡೈಆಕ್ಸೈಡಿನೊಡನೆ ನೀರೂ ಹುಟ್ಟುತ್ತದೆಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. ಒಂದು ಕಿಲೋಗ್ರಾಂ ಮೀಥೇನಿನಿಂದ ಎರಡೂಕಾಲು ಕಿಲೋಗ್ರಾಂ ನೀರು ಆವಿಯ ರೂಪದಲ್ಲಿ ಹೊರಡುತ್ತದೆ. ಆವಿ ಮರಳಿ ನೀರಾಗುವಾಗ, ಉಷ್ಣತೆಯಲ್ಲಿ ವ್ಯತ್ಯಾಸವೇ ಕಾಣದಿದ್ದರೂ, ಅಪಾರ ಶಾಖವನ್ನು ಬಿಟ್ಟುಕೊಡುತ್ತದೆಯೆಂದು 1760ರ ದಶಕದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಜೋಸೆಫ್ ಬ್ಲ್ಯಾಕ್ ತೋರಿಸಿಕೊಟ್ಟು, ಆ ಅಡಗಿದ ಶಾಖವನ್ನು ಗುಪ್ತೋಷ್ಣವೆಂದು ಕರೆದನು. ಹಳೆಯ ಬಾಯ್ಲರುಗಳು ಈ ಗುಪ್ತೋಷ್ಣವನ್ನು ಚಿಮಣಿಯ ಪಾಲು ಮಾಡುತ್ತಿದ್ದುವು. ಈಗಿನವು, ಎಂದರೆ 2005ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಹೊಸದಾಗಿ ಕೂರಿಸುವ ಅನಿಲ ಬಾಯ್ಲರುಗಳಿಗೆ ಕಡ್ಡಾಯವಾದ ಘನೀಕಾರಕ ಬಾಯ್ಲರುಗಳು, ಆವಿಯನ್ನು ಒಳಗೇ ನೀರಾಗಿಸಿ, ಅನಿಲದ ಒಟ್ಟು ಶಾಖದಲ್ಲಿ ಸುಮಾರು ಹತ್ತರಲ್ಲೊಂದು ಪಾಲಿನವರೆಗೆ ಉಳಿಸಿಕೊಳ್ಳಬಲ್ಲುವು.

ಬಲ್ಲುವು ಎಂದೆ, ಉಳಿಸಿಯೇ ತೀರುತ್ತವೆಂದಲ್ಲ. ಹೊಗೆಯೊಳಗಿನ ಆವಿ ನೀರಾಗಬೇಕಾದರೆ ಅದಕ್ಕೆ ತಗುಲುವ ಮೈ ಸುಮಾರು 55 ಡಿಗ್ರಿಗಿಂತ ತಣ್ಣಗಿರಬೇಕು. ಬಾಯ್ಲರನ್ನು 80 ಡಿಗ್ರಿಗೆ ಏರಿಸಿಟ್ಟ ಮನೆಯಲ್ಲಿ ರೇಡಿಯೇಟರುಗಳಿಂದ ಮರಳುವ ನೀರೇ ಅದಕ್ಕಿಂತ ಬಿಸಿಯಾಗಿರುವುದರಿಂದ ಘನೀಭವನ ನಡೆಯುವುದೇ ಇಲ್ಲ. ಹೊಸ ಯಂತ್ರಕ್ಕೆ ಹಣ ತೆತ್ತು ಹಳೆಯ ಯಂತ್ರದ ಫಲವನ್ನು ಪಡೆದಂತಾಗುತ್ತದೆ. 60 ಡಿಗ್ರಿಗೋ ಅದಕ್ಕೂ ಕೆಳಕ್ಕೋ ಇಳಿಸಿ, ಹೆಚ್ಚು ಹೊತ್ತು ನಡೆಯಗೊಡುವುದು ಲೇಸು. ಸ್ನಾನದ ಬಿಸಿನೀರನ್ನು ತೊಟ್ಟಿಯಲ್ಲಿ ಸಂಗ್ರಹಿಸುವ ಮನೆಗಳಲ್ಲಿ ಮಾತ್ರ ಆ ತೊಟ್ಟಿ 60 ಡಿಗ್ರಿಗಿಂತ ಕೆಳಗಿಳಿಯಬಾರದು. 20ರಿಂದ 45 ಡಿಗ್ರಿಯ ಬೆಚ್ಚನೆಯ ನೀರು ಲೀಜಿಯೊನೆಲ್ಲ ಎಂಬ ರೋಗಾಣುವಿಗೆ ತೌರುಮನೆ.

ಬಾಯ್ಲರಿನ ಹೊಗೆಯ ಆವಿ ತಣಿದು ಹುಟ್ಟಿದ ನೀರಿಗೂ ಒಂದು ಕಾಟವುಂಟು. ಅದು ತುಸು ಆಮ್ಲೀಯವಾದುದರಿಂದ ಲೋಹದ ಕೊಳವೆಯಲ್ಲಿ ಬಿಡಲಾಗದೆ ಪ್ಲಾಸ್ಟಿಕ್ ಕೊಳವೆಯೊಂದರಲ್ಲಿ ಮೋರಿಗೆ ಹರಿಯಿಸುತ್ತಾರೆ. ಆ ಕೊಳವೆ ಮನೆಯ ಹೊರಗೋಡೆಯ ಮೇಲೆ ಹಾದುಹೋದರೆ, ಕಡುಚಳಿಯ ರಾತ್ರಿ ಹನಿಹನಿಯಾಗಿ ಇಳಿಯುವ ನೀರು ಅಲ್ಲಿಯೇ ಹೆಪ್ಪುಗಟ್ಟಿ, ಬಾಯ್ಲರ್ ತನ್ನ ರಕ್ಷಣೆಗಾಗಿ ತಾನೇ ಆರಿಹೋಗುತ್ತದೆ. 1910ರಿಂದೀಚಿನ ದಾಖಲೆಗಳ ಡಿಸೆಂಬರುಗಳಲ್ಲೆಲ್ಲ ಅತ್ಯಂತ ಶೀತಲವೆನಿಸಿದ 2010ರ ಡಿಸೆಂಬರಿನಲ್ಲಿ ಹೀಗೆ ತಣ್ಣಗಾದ ಮನೆಗಳು ಅಸಂಖ್ಯ. ಕೊಳವೆಯ ಮೇಲೆ ಉಗುರುಬೆಚ್ಚಗಿನ ನೀರು ಹೊಯ್ದು ಹಿಮವನ್ನು ಕರಗಿಸಿ, ಬಾಯ್ಲರಿನ ಗುಂಡಿಯೊತ್ತಿದರೆ ಅದು ಮತ್ತೆ ಹೊತ್ತಿಕೊಳ್ಳುತ್ತದೆ. ಕುದಿನೀರನ್ನು ಸುರಿದರೆ ಕೊಳವೆಯೇ ಸೀಳೀತು. ಕೊಳವೆಗೆ ಮುಂಚಿತವಾಗಿಯೇ ದಪ್ಪ ಹೊದಿಕೆ ಸುತ್ತಿಟ್ಟರೆ ಈ ಪರದಾಟವೇ ಇಲ್ಲ.

ಅಲ್ಲಿ ನೆಲಸಿದ ಕನ್ನಡಿಗರಲ್ಲಿ ಹಲವರು ಡಿಸೆಂಬರಿನ ರಜೆಯಲ್ಲಿ ಊರಿಗೆ ಬರುವುದುಂಟು. ಮನೆ ಬರಿದಾಗಿರುವಾಗ ಬೆಂಕಿಯೇಕೆಂದು ತಾಪನವನ್ನು ಪೂರ್ತಿ ಆರಿಸಿ ಬರುವುದು ಉಳಿತಾಯದ ದಾರಿಯಲ್ಲ. ನೀರು ಹಿಮವಾಗುವಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಆ ಬಲಕ್ಕೆ ತಾಮ್ರದ ಕೊಳವೆ ಸೀಳುವುದು ತಿಳಿಯುವುದಾದರೂ ಹಿಮ ಕರಗಿ ನೀರು ಚಿಮ್ಮತೊಡಗಿದಾಗಲೇ. ಮನೆಯ ಉಷ್ಣತೆಯನ್ನು ಹತ್ತು ಹನ್ನೆರಡು ಡಿಗ್ರಿಗಳ ಕೆಳಗಿಳಿಯದಂತೆ ಥರ್ಮೋಸ್ಟಾಟನ್ನು ನಿಲ್ಲಿಸಿ ಬರುವುದೇ ಕ್ಷೇಮ.

ವಸಂತ ಮತ್ತು ಬೇಸಿಗೆ

ಏಪ್ರಿಲ್ ಕಳೆದು ಬಿಸಿಲು ಕಂಡ ಮೇಲೆ ಎಲ್ಲರೂ ಬಾಯ್ಲರನ್ನು ಮರೆಯುತ್ತಾರೆ. ಆದರೆ ಅವಸರವಿಲ್ಲದೆ ಮಾಡಬೇಕಾದ ಕೆಲಸಗಳಿಗೆ ಇದೇ ತಕ್ಕ ಕಾಲ. ಚಳಿಗಾಲದಲ್ಲಿ ಒಂದು ಕೋಣೆ ಬೆಂದು ಇನ್ನೊಂದು ಕೋಣೆ ನಡುಗಿದ್ದರೆ, ನೀರಿನ ಹಂಚಿಕೆ ಸರಿಯಿಲ್ಲವೆಂದರ್ಥ. ನಾಲೆಯ ತಲೆಯಲ್ಲಿರುವ ಗದ್ದೆಯವನು ತೂಬು ಪೂರ್ತಿ ತೆಗೆದಿಟ್ಟರೆ ಕೊನೆಯ ಗದ್ದೆಗೆ ನೀರು ಹತ್ತದಂತೆ, ಬಾಯ್ಲರಿಗೆ ಹತ್ತಿರದ ರೇಡಿಯೇಟರುಗಳು ಹರಿವನ್ನೆಲ್ಲ ನುಂಗಿಬಿಡುತ್ತವೆ. ಪ್ರತಿಯೊಂದು ರೇಡಿಯೇಟರಿನ ನಿರ್ಗಮದಲ್ಲಿ ಮುಚ್ಚಳದಡಿ ಅಡಗಿರುವ ವಾಲ್ವನ್ನು ಹತ್ತಿರದವುಗಳಲ್ಲಿ ಬಿಗಿಸುತ್ತ, ದೂರದವುಗಳಲ್ಲಿ ಸಡಿಲಿಸುತ್ತ ಬಂದರೆ ಹಂಚಿಕೆ ಸಮವಾಗುತ್ತದೆ. ಅನಿಲ ಬಿಡಿಸುವಾಗ ಕಂಡ ಹನಿ ಕಪ್ಪಾಗಿದ್ದರೆ ಕೆಸರನ್ನು ತೊಳೆಸಿ, ಹೊಸ ನೀರಿಗೆ ತುಕ್ಕು ತಡೆಯುವ ರಾಸಾಯನಿಕವನ್ನು ಬೆರೆಸಿ ತುಂಬಿಸುವುದೂ ಈಗಲೇ. ನೀರನ್ನು ಬದಲಿಸಲೇಬೇಕಾದಾಗ ಅದನ್ನು ಬರಿದೆ ಬಿಡಬಾರದು.

ಬೇಸಿಗೆಯ ಅಪಾಯ ಆಲಸ್ಯದ್ದು. ಐದು ತಿಂಗಳು ತಿರುಗದೆ ನಿಂತ ಪಂಪಿನ ಅಚ್ಚು ಕೆಸರಿನಿಂದಲೂ ಲವಣಗಳಿಂದಲೂ ಬಿಗಿದುಕೊಳ್ಳಬಹುದು; ತಿಂಗಳಿಗೊಮ್ಮೆ ಹತ್ತು ಹದಿನೈದು ನಿಮಿಷ ಅದನ್ನು ನಡೆಯಿಸಿದರೆ ಈ ಭಯವಿಲ್ಲ. ಈಚಿನ ಎಷ್ಟೋ ಬಾಯ್ಲರುಗಳು ಯಾರೂ ಹೇಳದೆಯೇ ತಮ್ಮ ಪಂಪನ್ನು ಆಗಾಗ್ಗೆ ತಿರುಗಿಸಿಕೊಳ್ಳುತ್ತವೆ. ಕೋಣೆಯ ಉಷ್ಣತೆಯನ್ನು ತಾನೇ ಅರಿತು ನೀರನ್ನು ತಡೆಯುವ ವಾಲ್ವುಗಳದು ಇನ್ನೊಂದು ಕಥೆ. ಡೆನ್ಮಾರ್ಕಿನ ಡ್ಯಾನ್‌ಫಾಸ್ ಕಾರ್ಖಾನೆಯ ಸ್ಥಾಪಕ ಮ್ಯಾಡ್ಸ್ ಕ್ಲಾಸನ್ 1943ರಲ್ಲಿ ರೂಪಿಸಿದ ಈ ವಾಲ್ವಿನ ತಲೆಯೊಳಗೆ ಉಷ್ಣಕ್ಕೆ ಹಿಗ್ಗುವ ವಸ್ತುವಿದ್ದು, ಕೋಣೆ ಕಾದಂತೆ ಅದು ಹಿಗ್ಗಿ ಸಣ್ಣ ಮೊಳೆಯೊಂದನ್ನು ಒತ್ತಿ ದಾರಿಯನ್ನು ಮುಚ್ಚುತ್ತದೆ. ಬೇಸಿಗೆಯಲ್ಲಿ ಕೋಣೆ ಸದಾ ಬೆಚ್ಚಗಿರುವುದರಿಂದ ಆ ಮೊಳೆ ತಿಂಗಳುಗಟ್ಟಲೆ ಒತ್ತಿದಂತೆಯೇ ಇದ್ದು, ಅಕ್ಟೋಬರಿನಲ್ಲಿ ಮೇಲೇಳದೆ ಅಂಟಿಕೊಂಡಿರುತ್ತದೆ. ಬೇಸಿಗೆಯುದ್ದಕ್ಕೂ ವಾಲ್ವನ್ನು ಅತಿ ಹೆಚ್ಚಿನ ಅಂಕಿಗೆ ತಿರುಗಿಸಿಟ್ಟರೆ ಮೊಳೆಯ ಮೇಲಿನ ಒತ್ತು ತಗ್ಗುತ್ತದೆ. ಅಂಟಿಯೇ ಬಿಟ್ಟಿದ್ದರೆ ತಲೆಯನ್ನು ಬಿಚ್ಚಿ, ಮೊಳೆಯನ್ನು ಇಕ್ಕಳದ ಹಿಂಬದಿಯಿಂದ ನಾಲ್ಕಾರು ಸಲ ಮೆಲ್ಲಗೆ ಒತ್ತಿಬಿಟ್ಟರೆ ಸಡಿಲಾಗುವುದೇ ಹೆಚ್ಚು.

ಲಂಡನ್ ಮತ್ತು ಅದರ ಸುತ್ತಣ ಸುಣ್ಣಕಲ್ಲಿನ ನಾಡುಗಳಲ್ಲಿ ನಲ್ಲಿಯ ನೀರು ಬಹಳ ಗಡುಸು. ಬೆಂಗಳೂರಿನ ಕೊಳವೆಬಾವಿಯ ನೀರಿಗೆ ಗೀಸರಿನ ಕಾಯಿಲಿಗೆ ಬಿಳಿಯ ಪಕ್ಕು ಕಟ್ಟುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಸ್ನಾನಕ್ಕೂ ಪಾತ್ರೆಗೂ ಬರುವ ಬಿಸಿನೀರು ಪ್ರತಿದಿನ ಹೊಸದಾದುದರಿಂದ ಬಾಯ್ಲರಿನ ಆ ಭಾಗದಲ್ಲಿ ಪಕ್ಕು ಬೆಳೆಯುತ್ತಲೇ ಹೋಗುತ್ತದೆ. ರೇಡಿಯೇಟರುಗಳಲ್ಲಿ ಸುತ್ತುವ ಹಳೆಯ ನೀರಿನ ದಾರಿಯಲ್ಲಾದರೋ ಮೊದಲ ವರ್ಷದ ತೆಳುಲೇಪವೇ ಕೊನೆಯದೂ ಆಗಿರುತ್ತದೆ. ಒಂದೇ ಊರಿನ ನೀರು ಒಂದೇ ಯಂತ್ರದೊಳಗೆ ಎರಡು ಬಗೆಯಾಗಿ ನಡೆದುಕೊಳ್ಳುವುದು ಹೀಗೆ.

ಅನಿಲದ ಕಾಲವೂ ಶಾಶ್ವತವಲ್ಲ. ಹೊರಗಣ ಗಾಳಿಯ ಶಾಖವನ್ನೇ ಎತ್ತಿ ಒಳಕ್ಕೆ ತರುವ ಹೀಟ್ ಪಂಪುಗಳು ಯೂರೋಪಿನಲ್ಲಿ ಬಾಯ್ಲರಿನ ಎಡೆಗೆ ಬರುತ್ತಿವೆ. ಅವು ಬಂದರೆ ಜ್ವಾಲೆ, ಹೊಗೆ, ವಿಷಾನಿಲ, ಆಮ್ಲದ ನೀರು ಎಲ್ಲವೂ ಮರೆಯಾಗುತ್ತವೆ. ಆದರೆ ಕೊಳವೆಗಳು, ರೇಡಿಯೇಟರುಗಳು, ಅವುಗಳಲ್ಲಿ ಸುತ್ತುವ ನೀರು ಉಳಿಯುತ್ತವೆ. ಹೀಟ್ ಪಂಪು 80 ಡಿಗ್ರಿಯ ನೀರನ್ನಲ್ಲ, 35ರಿಂದ 55 ಡಿಗ್ರಿಯ ನೀರನ್ನು ಹೆಚ್ಚು ಪ್ರಮಾಣದಲ್ಲಿ ಹರಿಯಿಸಿ ಮನೆಯನ್ನು ಕಾಯಿಸುವ ಸಾಧನವಾದುದರಿಂದ, ಕೆಸರಿನಿಂದ ಅರ್ಧ ಮುಚ್ಚಿದ ರೇಡಿಯೇಟರನ್ನು ಬಾಯ್ಲರಿನಷ್ಟು ಅದು ಸಹಿಸಲಾರದು. ಆದಕಾರಣ ಅಲ್ಲಿ ಹಳೆಯ ಮನೆಯೊಂದನ್ನು ಕೊಳ್ಳಹೊರಟವರು ಬಾಯ್ಲರಿಗೆ ವಯಸ್ಸೆಷ್ಟೆಂದು ಕೇಳುವ ಮುನ್ನ, ರೇಡಿಯೇಟರಿನಿಂದ ನಾಲ್ಕು ಹನಿಗಳನ್ನು ಬಿಳಿಯ ಬಟ್ಟೆಗೆ ಬಿಡಿಸಿ ಬಣ್ಣ ನೋಡುವುದು ಮೇಲು. ಬಾಯ್ಲರನ್ನು ಒಂದು ದಿನದಲ್ಲಿ ಬದಲಿಸಬಹುದು. ಗೋಡೆ ನೆಲಗಳೊಳಗೆ ಹುದುಗಿದ ಕೊಳವೆಗಳನ್ನು ಬದಲಿಸಲು ಮನೆಯನ್ನೇ ಅಗೆಯಬೇಕಾಗುತ್ತದೆ.